ಕಸ್ಟರ್ಡ್ ಪುಡಿ ಬೇಡ, ಬಣ್ಣ ಬೇಡ: ಮನೆಯಲ್ಲೇ ಮಸಾಲೆ ಬಾದಾಮಿ ಹಾಲು

ಚಿಕ್ಕಬಳ್ಳಾಪುರದ ಕಡೆ ಹಾಲಿಗೇನೂ ಬರವಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆ ಆಗುವ ಮೊದಲೇ ಈ ಸೀಮೆಯನ್ನು ರೇಷ್ಮೆ, ಹಾಲು, ಚಿನ್ನದ ನಾಡು ಅನ್ನುತ್ತಿದ್ದರು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ರೇಷ್ಮೆ ಗೂಡಿನ ರೇಟು ಇವತ್ತು ಏರುತ್ತದೆ, ನಾಳೆ ಇಳಿಯುತ್ತದೆ. ಹಾಲು ಮಾತ್ರ ಬೆಳಿಗ್ಗೆ, ಸಂಜೆ ತಪ್ಪದೆ ಡೈರಿಗೆ ಹೋಗುತ್ತದೆ. ಇಷ್ಟೆಲ್ಲ ಇದ್ದೂ ಮನೆಗೆ ನೆಂಟರು ಬಂದರೆ ನಾವು ಬೇಕರಿಯಿಂದ ಬಾಟಲಿ ಬಾದಾಮಿ ಹಾಲು ತರಿಸುತ್ತೇವೆ. ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡವರೂ ಹೀಗೇ ಮಾಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮನೆಯಲ್ಲಿ ಮಾಡುವವರಲ್ಲೂ ಎಷ್ಟೋ ಜನ ಒಂದು ಅಡ್ಡದಾರಿ ಹಿಡಿಯುತ್ತಾರೆ. ಹಾಲು ಕುದಿಯುತ್ತಿದ್ದಂತೆ ಎರಡು ಚಮಚ ಕಸ್ಟರ್ಡ್ ಪುಡಿ ಕಲಸಿ ಸುರಿದುಬಿಡುತ್ತಾರೆ. ಐದೇ ನಿಮಿಷದಲ್ಲಿ ಹಾಲು ಮಂದವಾಗುತ್ತದೆ, ಹಳದಿಯೂ ಆಗುತ್ತದೆ. ಆದರೆ ಕಸ್ಟರ್ಡ್ ಪುಡಿ ಅಂದರೆ ಬಹುಪಾಲು ಕಾರ್ನ್‌ಫ್ಲೋರ್, ಜೊತೆಗೆ ಬಣ್ಣ ಮತ್ತು ವೆನಿಲಾ ಎಸೆನ್ಸ್. ಕುಡಿದಾಗ ಬಾಯಲ್ಲಿ ಉಳಿಯುವುದು ಆ ಹಿಟ್ಟಿನ ರುಚಿಯೇ ಹೊರತು ಬಾದಾಮಿಯದ್ದಲ್ಲ. ಬಾದಾಮಿ ಹಾಲು ಮಂದವಾಗಬೇಕಾದದ್ದು ಎರಡೇ ಎರಡರಿಂದ. ಒಂದು, ನಿಧಾನಕ್ಕೆ ಕಾಯಿಸಿ ಇಂಗಿಸಿದ ಹಾಲು. ಇನ್ನೊಂದು, ನುಣ್ಣಗೆ ರುಬ್ಬಿದ ಬಾದಾಮಿ. ಇದಕ್ಕೆ ಮುಕ್ಕಾಲು ಗಂಟೆ ಒಲೆ ಹತ್ತಿರ ಇರಬೇಕು, ಅಷ್ಟೇ. ಕಷ್ಟದ ಕೆಲಸ ಬೇರೆ ಯಾವುದೂ ಇಲ್ಲ.

ನಾಲ್ಕು ಲೋಟಕ್ಕೆ ಅಳತೆ

ಹಾಲು 1 ಲೀಟರ್. ಬಾದಾಮಿ 30, ಅಂದರೆ ಸುಮಾರು 35 ಗ್ರಾಂ. ಮೇಲೆ ಉದುರಿಸಲು ಇನ್ನೂ 6–8. ಸಕ್ಕರೆ 5 ದೊಡ್ಡ ಚಮಚ. ಕೇಸರಿ 15–20 ಎಳೆ. ಏಲಕ್ಕಿ 4. ಜಾಯಿಕಾಯಿ ತುರಿದದ್ದು ಅರ್ಧ ಚಿಟಿಕೆ. ಚಳಿಗಾಲವಾದರೆ 4 ಕಾಳು ಮೆಣಸು.

ಒಂದು ಲೀಟರ್ ಹಾಲು ಇಂಗಿ ಮುಕ್ಕಾಲು ಲೀಟರಿನಷ್ಟಾಗುತ್ತದೆ. ಬಾದಾಮಿ, ಸಕ್ಕರೆ ಸೇರಿದ ಮೇಲೆ ನಾಲ್ಕು ಲೋಟ ಸರಿಯಾಗಿ ಬರುತ್ತದೆ. ಹಬ್ಬಕ್ಕೋ ಬಾಣಂತಿಗೋ ಆದರೆ ಬಾದಾಮಿ 40 ಹಾಕಿ. ಕೈ ಹಿಡಿದು ಖರ್ಚು ಮಾಡುವ ದಿನ 20 ಹಾಕಿದರೂ ಹಾಲು ಚೆನ್ನಾಗೇ ಆಗುತ್ತದೆ. ಆಗ ಹಾಲನ್ನು ಇನ್ನೊಂದು ಐದು ನಿಮಿಷ ಜಾಸ್ತಿ ಕಾಯಿಸಿ.

ಬಾದಾಮಿ ಆರಿಸುವುದು

ನಮ್ಮ ಅಂಗಡಿಗಳಲ್ಲಿ ಸಿಗುವ ಬಾದಾಮಿಯಲ್ಲಿ ಹೆಚ್ಚಿನದು ಕ್ಯಾಲಿಫೋರ್ನಿಯಾದಿಂದ ಬರುವುದು. ಹೆಚ್ಚು ಕಡಿಮೆ ಒಂದೇ ಅಳತೆ, ಒಂದೇ ಬಣ್ಣ ಇರುತ್ತದೆ. ಮಮ್ರಾ ಅಂತ ಇನ್ನೊಂದು ಬರುತ್ತದೆ, ಸಣ್ಣದು, ಸುಕ್ಕುಸುಕ್ಕು, ಬೆಲೆ ಹಲವು ಪಟ್ಟು. ಹಾಗೇ ತಿನ್ನುವುದಕ್ಕೆ ಮಮ್ರಾ ಚೆಂದ. ಹಾಲಿನಲ್ಲಿ ಬೇಯಿಸುವುದಕ್ಕೆ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ.

ಬೆಲೆಗಿಂತ ಮುಖ್ಯವಾದದ್ದು ಬಾದಾಮಿ ಹೊಸದಾಗಿರುವುದು. ಅದರ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಹೊರಗಿಟ್ಟರೆ ಆ ಎಣ್ಣೆ ಕೆಟ್ಟು ಕಮಟು ವಾಸನೆ ಹಿಡಿಯುತ್ತದೆ. ಒಂದನ್ನು ಕಚ್ಚಿ ನೋಡಿ. ಸಿಹಿಯಾಗಿ, ಗರಿಗರಿಯಾಗಿ ಇದ್ದರೆ ಸರಿ. ಹಳೇ ಎಣ್ಣೆಯ ವಾಸನೆ ಬಂದರೆ ಏಲಕ್ಕಿ, ಕೇಸರಿ ಎಷ್ಟು ಹಾಕಿದರೂ ಅದು ಮುಚ್ಚುವುದಿಲ್ಲ. ತಂದ ದಿನವೇ ಗಾಳಿಯಾಡದ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ, ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ.

ಕೆಲವೊಮ್ಮೆ ನಡುವೆ ಒಂದೊಂದು ಕಹಿ ಬಾದಾಮಿ ಸೇರಿರುತ್ತದೆ. ಕಹಿ ಅನ್ನಿಸಿದ್ದನ್ನು ಉಗುಳಿ, ನುಂಗಬೇಡಿ. ಕಹಿ ಬಾದಾಮಿಯಲ್ಲಿ ವಿಷದ ಅಂಶ ಇರುತ್ತದೆ, ಮಕ್ಕಳಿಗಂತೂ ಅದು ಒಳ್ಳೆಯದಲ್ಲ. ಇನ್ನೊಂದು ಮಾತು. ಶಾಲೆ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಮಜಲು ಮಜಲಾಗಿ ಕೊಂಬೆ ಚಾಚಿಕೊಂಡ ಬಾದಾಮಿ ಮರ ಇರುತ್ತದಲ್ವಾ, ಹುಡುಗರು ಕಾಯಿ ಜಜ್ಜಿ ಬೀಜ ತಿನ್ನುತ್ತಾರೆ. ಅದು ಕಾಡುಬಾದಾಮಿ, ಬೇರೆಯೇ ಜಾತಿ. ಬೀಜ ತಿನ್ನಬಹುದು, ರುಚಿಯೂ ಇದೆ. ಆದರೆ ಈ ಹಾಲಿಗೆ ಬರುವುದಿಲ್ಲ.

ನೆನೆಸಿ, ಸಿಪ್ಪೆ ತೆಗೆದು, ರುಬ್ಬುವುದು

ರಾತ್ರಿ ಮಲಗುವ ಮುಂಚೆ ಬಾದಾಮಿಯನ್ನು ಒಮ್ಮೆ ತೊಳೆದು, ಮುಳುಗುವಷ್ಟು ನೀರು ಹಾಕಿಡಿ. ಎಂಟು ಗಂಟೆ ಸಾಕು. ಬೇಸಿಗೆಯಲ್ಲಿ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ನೀರು ಹುಳಿ ವಾಸನೆ ಬರಬಹುದು. ಹೇಳದೆ ಕೇಳದೆ ನೆಂಟರು ಬಂದರೆ ಬೇರೆ ದಾರಿ ಇದೆ. ಕುದಿಯುವ ನೀರಿಗೆ ಬಾದಾಮಿ ಹಾಕಿ, ಒಂದು ನಿಮಿಷ ಬಿಟ್ಟು ಒಲೆ ಆರಿಸಿ, ತಟ್ಟೆ ಮುಚ್ಚಿ. ಹತ್ತು ನಿಮಿಷದ ಮೇಲೆ ಬಸಿದು ತಣ್ಣೀರಿಗೆ ಹಾಕಿ. ಸಿಪ್ಪೆ ಸಲೀಸಾಗಿ ಬರುತ್ತದೆ. ಆದರೆ ರಾತ್ರಿಯೆಲ್ಲ ನೆನೆದ ಬಾದಾಮಿ ಒಳಗಿನವರೆಗೂ ಮೆತ್ತಗಾಗಿರುತ್ತದೆ, ಹಾಗಾಗಿ ಜಾಸ್ತಿ ನುಣ್ಣಗೆ ರುಬ್ಬಿಕೊಳ್ಳುತ್ತದೆ. ಸಮಯ ಇದ್ದಾಗ ನೆನೆಸುವುದೇ ಒಳ್ಳೆಯದು.

ಸಿಪ್ಪೆ ತೆಗೆಯುವಾಗ ಬಾದಾಮಿಯ ಅಗಲವಾದ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಚೂಪಾದ ತುದಿಯಲ್ಲಿ ಸಿಪ್ಪೆ ಸೀಳಿ ಬಿಳಿ ಬೇಳೆ ಪುಳಕ್ಕಂತ ಜಿಗಿಯುತ್ತದೆ. ಇನ್ನೊಂದು ಕೈ ಅಡ್ಡ ಹಿಡಿದಿರಿ, ಇಲ್ಲದಿದ್ದರೆ ನೆಲಕ್ಕೆ ಹಾರುತ್ತದೆ. ಸಿಪ್ಪೆ ಹೋದ ಬಾದಾಮಿ ದಂತದ ಬಣ್ಣದಲ್ಲಿ, ಮುಟ್ಟಿದರೆ ನುಣುಪಾಗಿ, ಸ್ವಲ್ಪ ತಣ್ಣಗೆ ಇರುತ್ತದೆ. ಬೆರಳಿಂದ ಅಮುಕಿದರೆ ಎರಡು ಹೋಳಾಗುತ್ತದೆ. ಮಕ್ಕಳಿಗೆ ಈ ಕೆಲಸ ತುಂಬಾ ಇಷ್ಟ, ಅವರ ಕೈಗೇ ಕೊಡಿ. ಸಿಪ್ಪೆಯಲ್ಲಿ ಒಗರು ಇದೆ. ಅದನ್ನು ಸೇರಿಸಿ ರುಬ್ಬಿದರೆ ಹಾಲಿನಲ್ಲಿ ಕಂದು ಚುಕ್ಕೆಗಳೂ ನಾಲಿಗೆಯಲ್ಲಿ ಒಗರೂ ಉಳಿಯುತ್ತದೆ. ನೆನೆಸಿದ ನೀರಿಗೂ ಅದೇ ಒಗರು ಬಂದಿರುತ್ತದೆ, ಗಿಡಕ್ಕೆ ಹಾಕಿ.

ರುಬ್ಬುವಾಗ ಒಮ್ಮೆಲೇ ಹಾಲು ಸುರಿಯಬೇಡಿ. ತೆಳ್ಳಗಾದರೆ ಬಾದಾಮಿ ಚೂರುಗಳು ಬ್ಲೇಡಿಗೆ ಸಿಗದೆ ಹಾಲಿನಲ್ಲಿ ಸುಮ್ನೆ ಸುತ್ತುತ್ತಿರುತ್ತವೆ. ಮಿಕ್ಸಿಯ ಸಣ್ಣ ಜಾರಿಗೆ ಬಾದಾಮಿ ಮತ್ತು ಅಳತೆಯಲ್ಲಿಟ್ಟ ಸಕ್ಕರೆಯಿಂದಲೇ ಒಂದು ಚಮಚ ಹಾಕಿ ಮೊದಲು ತರಿತರಿಯಾಗಿ ಪುಡಿ ಮಾಡಿ. ಆಮೇಲೆ ಕಾಯಿಸಿ ಆರಿಸಿದ ಹಾಲನ್ನು ಎರಡೆರಡು ಚಮಚ ಹಾಕುತ್ತಾ ರುಬ್ಬಿ. ಬದಿಗೆ ಅಂಟಿದ್ದನ್ನು ಕೆರೆದು ಮತ್ತೆ ರುಬ್ಬಿ. ಬಿಸಿ ಹಾಲು ಹಾಕಲೇಬೇಡಿ, ಆವಿಗೆ ಮುಚ್ಚಳ ಎಗರಿ ಕೈ, ಮುಖ ಸುಡುತ್ತದೆ.

ಎಷ್ಟು ನುಣ್ಣಗೆ? ಒಂದು ತೊಟ್ಟು ತೆಗೆದು ಎರಡು ಬೆರಳ ನಡುವೆ ಉಜ್ಜಿ. ಚಿರೋಟಿ ರವೆಯಷ್ಟು ತರಿ ಕೈಗೆ ಸಿಕ್ಕರೆ ನನ್ನ ಲೆಕ್ಕದಲ್ಲಿ ಅಲ್ಲಿಗೆ ನಿಲ್ಲಿಸಬಹುದು. ಕುಡಿಯುವಾಗ ಆ ಸಣ್ಣ ತರಿ ಹಲ್ಲಿಗೆ ಸಿಗುವುದೇ ಮನೆ ಬಾದಾಮಿ ಹಾಲಿನ ಗುರುತು. ಕೆಲವರಿಗೆ, ಅದರಲ್ಲೂ ಮಕ್ಕಳಿಗೆ ಇದು ಹಿಡಿಸುವುದಿಲ್ಲ. ಅವರಿಗೆ ಇನ್ನೂ ರುಬ್ಬಿ. ಒರಳಿನಲ್ಲಿ ರುಬ್ಬಿದ್ದು ಮಿಕ್ಸಿಯದ್ದಕ್ಕಿಂತ ಮೃದು, ಇದರಲ್ಲಿ ಎರಡು ಮಾತಿಲ್ಲ. ಒರಳು ಇನ್ನೂ ಇಟ್ಟುಕೊಂಡ ಮನೆಯವರು ಅದನ್ನೇ ಬಳಸಿ.

ಹಾಲು ಯಾವುದು?

ಡೈರಿಗೆ ಹಾಲು ಹಾಕಿ, ದಿನಾ ಫ್ಯಾಟ್ ಎಷ್ಟು ಬಂತು, ಡಿಗ್ರಿ ಎಷ್ಟು ಬಂತು ಅಂತ ನೋಡುವವರಿಗೆ ಹಾಲಿನ ವಿಷಯ ನಾನು ಹೇಳಬೇಕಾಗಿಲ್ಲ. ಉಳಿದವರಿಗೆ ಚುಟುಕಾಗಿ ಹೇಳುತ್ತೇನೆ. ಪ್ಯಾಕೆಟ್ ಹಾಲಿನಲ್ಲಿ ಟೋನ್ಡ್ ಅಂತ ಬರುವುದರಲ್ಲಿ ಜಿಡ್ಡು ಶೇಕಡ 3. ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5. ಪೂರ್ತಿ ಕೆನೆ ಹಾಲಿನಲ್ಲಿ 6. ಬಾದಾಮಿ ಹಾಲಿಗೆ 4.5ರ ಹಾಲು ಹದವಾಗಿರುತ್ತದೆ. ಟೋನ್ಡ್ ಹಾಲು ಎಷ್ಟು ಕಾಯಿಸಿದರೂ ತೆಳುವೇ. 6ರ ಹಾಲು ಹಾಕಿದರೆ ಬಾದಾಮಿಯ ಜಿಡ್ಡೂ ಸೇರಿ ಭಾರವಾಗುತ್ತದೆ, ಎರಡನೇ ಲೋಟಕ್ಕೆ ಕೈ ಹೋಗುವುದಿಲ್ಲ. ಎಮ್ಮೆ ಹಾಲಿಗೂ ಇದೇ ಮಾತು. ಮನೆಯಲ್ಲಿ ಎಮ್ಮೆ ಹಾಲು ಇದ್ದರೆ ಅದಕ್ಕೆ ಅರ್ಧ ಭಾಗ ಹಸುವಿನ ಹಾಲು ಬೆರೆಸಿ.

ಸೀಮೆಹಸುವಿನ ಹಾಲು ಮನೆಯದ್ದೇ ಆದರೆ ಒಂದೆರಡು ಎಚ್ಚರ ಬೇಕು. ಹಸು ಕರು ಹಾಕಿ ವಾರವಾದರೂ ಕಳೆದಿರಬೇಕು. ಪಕ್ಕದ ಮನೆಯವರು ಪ್ರೀತಿಯಿಂದ "ಅಕ್ಕಾ, ಮೊನ್ನೆ ನಮ್ಮ ಹಸು ಕರು ಹಾಕ್ತು, ಹಾಲು ತಗೊಳ್ಳಿ" ಅಂತ ತಂದುಕೊಟ್ಟರೆ ಅದನ್ನು ಗಿಣ್ಣಿಗೆ ಇಟ್ಟುಕೊಳ್ಳಿ. ಆ ಹಾಲು ಬಿಸಿ ತಾಗಿದರೆ ಗಡ್ಡೆ ಕಟ್ಟುವುದೇ ಅದರ ಗುಣ. ಬಾದಾಮಿ ಹಾಲಿಗೆ ಅದು ಆಗದು. ಇನ್ನು ಬೆಳಿಗ್ಗೆ ಕರೆದು ಕಾಯಿಸದೆ ಇಟ್ಟ ಹಾಲನ್ನು ಸಂಜೆ ಬಳಸುವುದಾದರೆ ಮೊದಲು ಒಂದು ಸೌಟು ಹಾಲನ್ನು ಬೇರೆಯಾಗಿ ಕುದಿಸಿ ನೋಡಿ. ಒಡೆದರೆ ಒಂದು ಸೌಟು ಹೋಗುತ್ತದೆ, ಒಡೆಯದಿದ್ದರೆ ನಿಶ್ಚಿಂತೆ. ಹಸಿ ಹಾಲನ್ನು ಚೆನ್ನಾಗಿ ಉಕ್ಕುವವರೆಗೆ ಕಾಯಿಸಲೇಬೇಕು. ಹಸುವಿನಿಂದ ಮನುಷ್ಯರಿಗೆ ಬರುವ ಜ್ವರಗಳು ಹಸಿ ಹಾಲಿನಿಂದ ಹರಡುತ್ತವೆ.

ಒಲೆ ಮುಂದೆ

ಮೊದಲು ಕೇಸರಿ ನೆನೆಹಾಕಿ. ಎರಡು ಚಮಚ ಉಗುರುಬೆಚ್ಚಗಿನ ಹಾಲಿಗೆ ಎಳೆಗಳನ್ನು ಹಾಕಿ ಪಕ್ಕಕ್ಕಿಡಿ. ಹಾಲು ಕಾಯುವಷ್ಟು ಹೊತ್ತು ಅದು ಬಣ್ಣ ಬಿಡುತ್ತಿರಲಿ.

ದಪ್ಪ ತಳದ, ಅಗಲ ಬಾಯಿಯ ಪಾತ್ರೆ ತೆಗೆದುಕೊಳ್ಳಿ. ಬಾಯಿ ಅಗಲವಾದಷ್ಟೂ ಹಾಲು ಬೇಗ ಇಂಗುತ್ತದೆ. ಹಾಲು ಹಾಕುವ ಮುಂಚೆ ಪಾತ್ರೆಗೆ ಒಂದಿಷ್ಟು ನೀರು ಹಾಕಿ ಅಲ್ಲಾಡಿಸಿ ಚೆಲ್ಲಿ, ಒರೆಸಬೇಡಿ. ಆ ತೇವದ ಪದರ ಇದ್ದರೆ ತಳ ಹಿಡಿಯುವುದು ಕಡಿಮೆ. ಹಾಲು ಉಕ್ಕಿ ಬಂದ ಮೇಲೆ ಉರಿ ಸಣ್ಣ ಮಾಡಿ. ಸೌಟನ್ನು ನೇರವಾಗಿ ಮುಳುಗಿಸಿ ಹಾಲು ಎಲ್ಲಿಯವರೆಗೆ ತಾಗಿತು ಅಂತ ಗುರುತಿಟ್ಟುಕೊಳ್ಳಿ. ಆ ಎತ್ತರದಲ್ಲಿ ನಾಲ್ಕನೇ ಒಂದು ಭಾಗ ಇಳಿದರೆ ಹಾಲು ಇಂಗಿದ್ದು ಸಾಕು. ಅಂದಾಜು ಇಪ್ಪತ್ತು ನಿಮಿಷ ಹಿಡಿಯುತ್ತದೆ.

ಈ ಇಪ್ಪತ್ತು ನಿಮಿಷವೇ ಹಾಲಿನ ರುಚಿ ಹುಟ್ಟುವ ಹೊತ್ತು. ಹಾಲು ಮೆಲ್ಲಗೆ ಕುದಿಯುತ್ತಿದ್ದಂತೆ ಪಾತ್ರೆಯ ಅಂಚಿಗೆ ಕೆನೆ ಬಂದು ಅಂಟುತ್ತದೆ. ಮೊದಲು ಬಿಳಿ ಗೆರೆ, ಸ್ವಲ್ಪ ಹೊತ್ತಿಗೆ ನಸು ಹಳದಿ ಪಟ್ಟಿ. ಅದನ್ನು ಸೌಟಿನಿಂದ ಕೆರೆದು ಮತ್ತೆ ಹಾಲಿಗೇ ಸೇರಿಸಿ. ಎರಡು ನಿಮಿಷಕ್ಕೊಮ್ಮೆ ಹೀಗೆ ಮಾಡುತ್ತಾ, ತಳವನ್ನೂ ಒಮ್ಮೆ ಸವರುತ್ತಾ ಇರಿ. ಬರಬರುತ್ತಾ ಹಾಲಿನ ಬಿಳುಪು ಹೋಗಿ ಕೆನೆಬಣ್ಣ ಬರುತ್ತದೆ. ವಾಸನೆಯೂ ಬದಲಾಗುತ್ತದೆ, ಪೇಡಾ ಮಾಡುವಾಗ ಬರುವ ಘಮಲಿನ ಮೊದಲ ಎಳೆ ಸಿಗುತ್ತದೆ. ಕಸ್ಟರ್ಡ್ ಪುಡಿ ಎಷ್ಟು ಹಾಕಿದರೂ ಈ ಘಮ ಬರುವುದಿಲ್ಲ.

ಈಗ ರುಬ್ಬಿದ ಬಾದಾಮಿಗೆ ಒಂದು ಸೌಟು ಬಿಸಿ ಹಾಲು ಹಾಕಿ ಗಂಟಿಲ್ಲದೆ ಕದಡಿ. ನೇರವಾಗಿ ಪಾತ್ರೆಗೆ ಸುರಿದರೆ ಅಲ್ಲಲ್ಲೇ ಉಂಡೆ ಕಟ್ಟುತ್ತದೆ. ಕದಡಿದ್ದನ್ನು ಸಣ್ಣಗೆ ಹುಯ್ಯುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಜಾರಿಗೆ ಅಂಟಿದ್ದನ್ನೂ ಎರಡು ಚಮಚ ಹಾಲಲ್ಲಿ ತೊಳೆದು ಹಾಕಿ, ಹಾಳು ಮಾಡಬೇಡಿ. ಇಲ್ಲಿಂದ ಕೈ ಬಿಡುವಂತಿಲ್ಲ. ಬಾದಾಮಿ ಸೇರಿದ ಹಾಲು ಬಲು ಬೇಗ ತಳ ಹಿಡಿಯುತ್ತದೆ. ಫೋನ್ ಬಂದರೆ ಒಲೆ ಆರಿಸಿ ಹೋಗಿ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ಬಾದಾಮಿಯ ಹಸಿ ವಾಸನೆ ಹೋಗಿ, ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ಕಾಣಿಸಿಕೊಂಡರೆ ಬೆಂದಿದೆ ಅಂತ. ಸೌಟಿನ ಬೆನ್ನ ಮೇಲೆ ಹಾಲು ತೆಳುವಾಗಿ ಹತ್ತಿ ನಿಲ್ಲಬೇಕು. ಬೆರಳಿಂದ ಗೆರೆ ಎಳೆದರೆ ಗೆರೆ ಉಳಿಯಬೇಕು. ತಣಿದ ಮೇಲೆ ಇನ್ನೂ ಮಂದವಾಗುತ್ತದೆ, ಆದ್ದರಿಂದ ಒಲೆಯ ಮೇಲೆ ಇದಕ್ಕಿಂತ ಜಾಸ್ತಿ ಇಂಗಿಸಬೇಡಿ.

ಉಳಿದ ಸಕ್ಕರೆಯನ್ನು ಈಗ ಹಾಕಿ. ಹಾಕಿದ ಕೂಡಲೇ ಹಾಲು ಒಂದು ಗುಕ್ಕು ತೆಳ್ಳಗಾದಂತೆ ಕಾಣುತ್ತದೆ. ಗಾಬರಿ ಬೇಡ, ಎರಡು ನಿಮಿಷ ಕುದಿಸಿದರೆ ಸರಿಹೋಗುತ್ತದೆ. ಕಲ್ಲುಸಕ್ಕರೆ ಪುಡಿಯನ್ನೂ ಹಾಕಬಹುದು.

ಬೆಲ್ಲ ಹಾಕಬೇಕು ಅನ್ನುವವರು ತುಂಬಾ ಜನ. ಹಾಕಬಹುದು, ಆದರೆ ಒಲೆಯ ಮೇಲಲ್ಲ. ಬೆಲ್ಲದಲ್ಲಿ ಹುಳಿಯ ಅಂಶ ಇರುತ್ತದೆ, ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಕಲ್ಲು ಮಣ್ಣು ಹೋಗುವಂತೆ ಸೋಸಿ, ಆರಲು ಬಿಡಿ. ಹಾಲೂ ಕುಡಿಯುವ ಬಿಸಿಗೆ ಇಳಿದ ಮೇಲೆ ಎರಡನ್ನೂ ಸೇರಿಸಿ. ಮತ್ತೆ ಬಿಸಿ ಮಾಡಬೇಡಿ. ಬೆಲ್ಲದ ಜೊತೆ ಕೇಸರಿ ಹಾಕುವುದು ದಂಡ, ಬೆಲ್ಲದ ವಾಸನೆಯೇ ಮೇಲಾಗುತ್ತದೆ. ಏಲಕ್ಕಿ, ಮೆಣಸು ಮಾತ್ರ ಹಾಕಿ.

ಮಸಾಲೆಯ ಸಂಗತಿ

ಮಸಾಲೆಯೆಲ್ಲ ಕಡೆಗೆ. ಏಲಕ್ಕಿಯನ್ನು ಹಾಲಿನ ಜೊತೆ ಮೊದಲಿಂದಲೇ ಕುದಿಸಿದರೆ ಘಮವೆಲ್ಲ ಆವಿಯ ಜೊತೆ ಅಡುಗೆಮನೆಗೆ ಹೋಗುತ್ತದೆ, ಲೋಟಕ್ಕೆ ಬರುವುದಿಲ್ಲ. ಸಿಪ್ಪೆ ಬಿಡಿಸಿ ಕಪ್ಪು ಕಾಳನ್ನು ಒಂದು ಚಿಟಿಕೆ ಸಕ್ಕರೆ ಜೊತೆ ಕುಟ್ಟಾಣಿಯಲ್ಲಿ ಕುಟ್ಟಿ. ಸಕ್ಕರೆ ಇದ್ದರೆ ಕಾಳು ಜಾರುವುದಿಲ್ಲ, ಬೇಗ ಪುಡಿಯಾಗುತ್ತದೆ. ಒಲೆ ಆರಿಸಿದ ಮೇಲೆ ಹಾಕಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಏಲಕ್ಕಿ ಸಿಪ್ಪೆಯನ್ನು ಟೀ ಪುಡಿ ಡಬ್ಬಕ್ಕೆ ಹಾಕಿಡಿ. ಅಂಗಡಿಯ ಏಲಕ್ಕಿ ಪುಡಿ ಬೇಡ, ಅದರಲ್ಲಿ ಘಮ ಹೋಗಿ ಎಷ್ಟೋ ದಿನವಾಗಿರುತ್ತದೆ.

ನೆನೆದ ಕೇಸರಿಯನ್ನು ಒಲೆ ಆರಿಸುವ ಒಂದು ನಿಮಿಷ ಮುಂಚೆ ಹಾಲಿನ ಸಮೇತ ಹಾಕಿ. ಕೇಸರಿ ಕೊಳ್ಳುವಾಗ ಮೋಸ ಜಾಸ್ತಿ. ಜೋಳದ ತೆನೆಯ ಕೂದಲಿಗೆ ಬಣ್ಣ ಹಾಕಿ ಮಾರುವವರಿದ್ದಾರೆ. ಬೆಚ್ಚಗಿನ ನೀರಿಗೆ ಎರಡು ಎಳೆ ಹಾಕಿ ನೋಡಿ. ಅಸಲಿ ಕೇಸರಿ ನಿಧಾನಕ್ಕೆ, ಹತ್ತು ಹದಿನೈದು ನಿಮಿಷ ತೆಗೆದುಕೊಂಡು ಹೊನ್ನಿನ ಹಳದಿ ಬಣ್ಣ ಬಿಡುತ್ತದೆ, ಎಳೆ ಕೆಂಪಾಗೇ ಉಳಿಯುತ್ತದೆ. ನಕಲಿ ಬಿದ್ದ ಕೂಡಲೇ ಕೆಂಪು ಕಾರಿಕೊಂಡು ತಾನು ಬಿಳಿಚಿಕೊಳ್ಳುತ್ತದೆ. ಅಸಲಿಯನ್ನು ಬಾಯಿಗೆ ಹಾಕಿದರೆ ಸಿಹಿ ಇರುವುದಿಲ್ಲ, ಸ್ವಲ್ಪ ಕಹಿ ಇರುತ್ತದೆ.

ಒಂದು ವಿಷಯಕ್ಕೆ ಮನಸ್ಸು ಸಿದ್ಧ ಮಾಡಿಕೊಳ್ಳಿ. ಕೇಸರಿ ಹಾಕಿದ ಬಾದಾಮಿ ಹಾಲು ಅಂಗಡಿಯದ್ದರಷ್ಟು ಹಳದಿ ಆಗುವುದಿಲ್ಲ. ತೆಳು ಕೆನೆಹಳದಿ, ಅಷ್ಟೇ. ಅದೇ ಅದರ ನಿಜವಾದ ಬಣ್ಣ. ಅಷ್ಟು ಹಳದಿ ಇರಲೇಬೇಕು ಅಂದರೆ ಸಾಸಿವೆ ಕಾಳಿನಷ್ಟು ಅರಿಸಿನ ಹಾಕಿ, ಹಾಲು ಕುದಿಯುವಾಗಲೇ ಹಾಕಿ. ಬಣ್ಣದ ಪುಡಿಯ ಬಾಟಲಿ ಮಾತ್ರ ತೆಗೆಯಬೇಡಿ, ಮಕ್ಕಳು ಕುಡಿಯುವ ಹಾಲು ಅಲ್ವಾ.

ಜಾಯಿಕಾಯಿ ಹಾಲಿಗೆ ಒಂದು ಆಳ ಕೊಡುತ್ತದೆ, ಆದರೆ ಕೈ ಬಿಗಿ ಇರಬೇಕು. ಇಡೀ ಕಾಯಿಯನ್ನು ಸಣ್ಣ ತುರಿಮಣೆಯಲ್ಲಿ ಎರಡು ಸಲ ಎಳೆದರೆ ಒಂದು ಲೀಟರಿಗೆ ಸಾಕು. ಜಾಸ್ತಿಯಾದರೆ ಕಹಿ. ಇನ್ನೂ ಜಾಸ್ತಿಯಾದರೆ ತಲೆಸುತ್ತು, ವಾಂತಿ ತರಿಸುವ ಗುಣ ಅದಕ್ಕಿದೆ. ಮಗು ಚೆನ್ನಾಗಿ ಮಲಗಲಿ ಅಂತ ತೇಯ್ದು ತೇಯ್ದು ಹಾಕುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ.

ಉಳಿದ ಮಸಾಲೆ ಕಾಲಕ್ಕೆ ತಕ್ಕಂತೆ. ನಂದಿಬೆಟ್ಟದ ಎತ್ತರ 1,478 ಮೀಟರ್. ಅದರ ಬುಡದ ಊರುಗಳಲ್ಲಿ ಡಿಸೆಂಬರ್, ಜನವರಿ ಬೆಳಗು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಆ ಚಳಿಗೆ ಮೆಣಸು, ಚೂರು ಒಣಶುಂಠಿ ಪುಡಿ, ಒಂದೇ ಒಂದು ಲವಂಗ. ಹಸಿ ಶುಂಠಿ ಹಾಕಬೇಡಿ, ಬಿಸಿ ಹಾಲನ್ನು ಗಡ್ಡೆ ಕಟ್ಟಿಸುವ ಗುಣ ಅದಕ್ಕಿದೆ. ಮೆಣಸನ್ನು ನುಣ್ಣಗೆ ಪುಡಿ ಮಾಡಿ, ಇಲ್ಲದಿದ್ದರೆ ಕೊನೆಯ ಗುಟುಕಲ್ಲಿ ಗಂಟಲು ಹಿಡಿಯುತ್ತದೆ.

ಬೇಸಿಗೆಗೆ ಬೇರೆ ಲೆಕ್ಕ. ಬಾದಾಮಿ ನೆನೆಸುವಾಗಲೇ ಒಂದು ಚಮಚ ಗಸಗಸೆ, ಒಂದು ಚಮಚ ಕರಬೂಜದ ಬೀಜ, ಅರ್ಧ ಚಮಚ ಸೋಂಪು ಬೇರೆ ಬಟ್ಟಲಲ್ಲಿ ನೆನೆಸಿ, ಎಲ್ಲವನ್ನೂ ಸೇರಿಸಿ ರುಬ್ಬಿ. ಇದನ್ನು ಸೋಸಲೇಬೇಕು. ಕೇಸರಿ, ಏಲಕ್ಕಿ ಹಾಕಿ ತಣ್ಣಗೆ ಕುಡಿಯುವುದು. ಉತ್ತರದ ಕಡೆ ಶಿವರಾತ್ರಿಗೆ, ಹೋಳಿಗೆ ಮಾಡುವ ಠಂಡಾಯಿ ಹೆಚ್ಚು ಕಡಿಮೆ ಇದೇ. ನಮ್ಮಲ್ಲೂ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಜಾತ್ರೆ ಬರುವುದು ಶಿವರಾತ್ರಿಗೇ, ಬಿಸಿಲು ಏರುವ ಹೊತ್ತಿಗೆ. ಉಪವಾಸ, ಜಾಗರಣೆ ಮಾಡುವವರಿಗೆ ಒಂದು ಲೋಟ ಈ ಹಾಲು ಹೊಟ್ಟೆಗೂ ತಂಪು, ಮೈಗೂ ಶಕ್ತಿ. ಗುಲಾಬಿ ಎಸಳು ಹಾಕುವವರಿದ್ದಾರೆ. ಜಿಲ್ಲೆಯ ತೋಟಗಳಲ್ಲಿ ಗುಲಾಬಿ ಬೇಕಾದಷ್ಟು ಬೆಳೆಯುತ್ತದೆ ನಿಜ. ಆದರೆ ಮಾರುಕಟ್ಟೆಗೆ ಬೆಳೆಯುವ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಮನೆ ಹಿತ್ತಲಿನ, ಔಷಧಿ ಕಾಣದ ಪನ್ನೀರು ಗುಲಾಬಿ ಇದ್ದರೆ ಮಾತ್ರ ಹಾಕಿ.

ಬಿಸಿಬಿಸಿಯಾಗಿ, ಇಲ್ಲವೇ ತಣ್ಣಗೆ

ಬಿಸಿಯಾಗಿ ಕೊಡುವುದಾದರೆ ಎರಡು ದೊಡ್ಡ ಲೋಟಗಳಲ್ಲಿ ಎತ್ತಿ ಎತ್ತಿ ಹುಯ್ದು ನೊರೆ ಬರಿಸಿ. ನೊರೆ ಬಂದರೆ ತಳಕ್ಕಿಳಿದ ಬಾದಾಮಿಯೂ ಮೇಲೆ ಬರುತ್ತದೆ, ಕುಡಿಯುವ ಹದಕ್ಕೆ ಬಿಸಿಯೂ ಇಳಿಯುತ್ತದೆ. ಎತ್ತಿಟ್ಟ ಬಾದಾಮಿಯನ್ನು ಉದ್ದುದ್ದ ಸೀಳಿ ಮೇಲೆ ಹಾಕಿ. ತುಪ್ಪದಲ್ಲಿ ಹುರಿಯಬೇಡಿ, ಹಾಲಿನ ಮೇಲೆ ಜಿಡ್ಡು ತೇಲುತ್ತದೆ.

ತಣ್ಣಗೆ ಬೇಕಾದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆಗಾಗ ತಿರುವುತ್ತಾ ಆರಿಸಿ. ಸುಮ್ಮನೆ ಬಿಟ್ಟರೆ ಮೇಲೆ ದಪ್ಪ ಕೆನೆ ಕಟ್ಟಿ, ಲೋಟದಲ್ಲಿ ಚಿಂದಿ ಚಿಂದಿಯಾಗಿ ಸಿಗುತ್ತದೆ. ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಡಿ. ರಾತ್ರಿ ಮಾಡಿ ಬೆಳಿಗ್ಗೆ ಕುಡಿದರೆ ಕೇಸರಿಯ ಬಣ್ಣ, ಘಮ ಎರಡೂ ಇನ್ನಷ್ಟು ಇಳಿದಿರುತ್ತದೆ. ತಣ್ಣಗಿರುವಾಗ ಸಿಹಿ ಕಡಿಮೆ ಅನ್ನಿಸುತ್ತದೆ, ಆದ್ದರಿಂದ ಅರ್ಧ ಚಮಚ ಸಕ್ಕರೆ ಮೊದಲೇ ಜಾಸ್ತಿ ಹಾಕಿ. ಎರಡು ದಿನದೊಳಗೆ ಮುಗಿಸಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ, ಬೇಸಿಗೆಯಲ್ಲಿ ಅಷ್ಟೂ ಇಡಬೇಡಿ. ಕಾರ್ಯಕ್ರಮಕ್ಕೆ ಐವತ್ತು ಜನಕ್ಕೆ ಮಾಡುವಾಗ ಇದನ್ನು ಮರೆಯುವಂತಿಲ್ಲ.

ಕೆಟ್ಟರೆ ಏನು ಮಾಡುವುದು

ತಳ ಹಿಡಿದ ವಾಸನೆ ಬಂದ ಕೂಡಲೇ ಕೆರೆಯಬೇಡಿ. ತಳ ಅಲುಗಿಸದೆ ಮೇಲಿನ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಬೇಗ ಮಾಡಿದರೆ ಹಾಲು ಉಳಿಯುತ್ತದೆ. ಹಾಲು ಒಡೆದುಹೋದರೆ ಅದನ್ನು ಮತ್ತೆ ಹಾಲು ಮಾಡುವ ಉಪಾಯ ಇಲ್ಲ. ಬಟ್ಟೆಯಲ್ಲಿ ಸೋಸಿ, ಸಿಕ್ಕ ಗಟ್ಟಿಗೆ ಸಕ್ಕರೆ, ರುಬ್ಬಿದ ಬಾದಾಮಿ, ಏಲಕ್ಕಿ ಹಾಕಿ ಬಾಣಲೆಯಲ್ಲಿ ತೊಳಸಿ. ಬಾಯಿಗೆ ಕರಗುವ ಸಿಹಿಯಾಗುತ್ತದೆ. ಜಾಸ್ತಿ ಮಂದವಾದರೆ ನೀರು ಬೇಡ, ಬಿಸಿ ಹಾಲು ಹಾಕಿ. ಸೋಸಿ ಉಳಿದ ಬಾದಾಮಿ ತರಿಯನ್ನು ಚೆಲ್ಲಬೇಡಿ, ಪಾಯಸಕ್ಕೋ ಚಪಾತಿ ಹಿಟ್ಟಿಗೋ ಸೇರಿಸಿ.

ಯಾರು ಎಚ್ಚರ ವಹಿಸಬೇಕು

ಒಂದು ವರ್ಷದೊಳಗಿನ ಕೂಸಿಗೆ ಇದನ್ನು ಕುಡಿಸಬೇಡಿ. ದೊಡ್ಡ ಮಕ್ಕಳಿಗೂ ಮೊದಲ ಸಲ ಎರಡೇ ಚಮಚ ಕೊಟ್ಟು ನೋಡಿ. ಬಾದಾಮಿ ಕೆಲವರಿಗೆ ಆಗುವುದಿಲ್ಲ. ತುಟಿ ಊದಿದರೆ, ಮೈ ಮೇಲೆ ದದ್ದು ಎದ್ದರೆ, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸಣ್ಣ ಮಕ್ಕಳ ಲೋಟಕ್ಕೆ ಸೀಳಿದ ಬಾದಾಮಿ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಬಿಟ್ಟು, ಏಲಕ್ಕಿ ಘಮದಲ್ಲೇ ಅರ್ಧ ಲೋಟ ಕುಡಿಯಲಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವ ಮಾತು ಸರಿಯಲ್ಲ, ಅದೂ ರಕ್ತದ ಸಕ್ಕರೆ ಏರಿಸುತ್ತದೆ.

ಬಸುರಿಯರಿಗೆ ಕೇಸರಿ ಹಾಕಿದ ಬಾದಾಮಿ ಹಾಲು ಕೊಟ್ಟರೆ ಮಗು ಬೆಳ್ಳಗೆ ಹುಟ್ಟುತ್ತದೆ ಅಂತ ಎಷ್ಟು ಮನೆಗಳಲ್ಲಿ ಹೇಳುತ್ತಾರೆ! ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುವುದು, ಕೇಸರಿಯಿಂದಲ್ಲ. ಹುಟ್ಟುವ ಮೊದಲೇ ಮಗುವಿನ ಬಣ್ಣ ತೂಗುವ ಈ ಮಾತು ಆ ಹೆಣ್ಣುಮಗಳ ಮನಸ್ಸಿಗೆ ಎಷ್ಟು ಭಾರ ಅಂತ ಯೋಚಿಸಿ. ಹಾಲು ಕೊಡಿ, ಬಾದಾಮಿ ಕೊಡಿ, ಅವಳು ಗಟ್ಟಿಮುಟ್ಟಾಗಿರಲಿ ಅಂತ ಕೊಡಿ.

ಪುಡಿ ಮಾಡಿಟ್ಟುಕೊಳ್ಳುವುದು

ಬೆಳಿಗ್ಗೆ ಶಾಲೆಗೆ, ಕೆಲಸಕ್ಕೆ ಓಡುವ ಮನೆಗಳಲ್ಲಿ ದಿನಾ ರುಬ್ಬಲು ಆಗುವುದಿಲ್ಲ. ಅವರಿಗೆ ಪುಡಿ ಅನುಕೂಲ. 150 ಗ್ರಾಂ ಬಾದಾಮಿಯ ಸಿಪ್ಪೆಯನ್ನು ಬಿಸಿನೀರಿನ ದಾರಿಯಲ್ಲಿ ತೆಗೆದು, ಬಟ್ಟೆಯಲ್ಲಿ ಒರೆಸಿ, ತೆಳ್ಳನೆ ಬಟ್ಟೆ ಮುಚ್ಚಿ ಒಂದು ದಿನ ಬಿಸಿಲಲ್ಲಿ ಒಣಗಿಸಿ. ಆಮೇಲೆ ಬಾಣಲೆಯಲ್ಲಿ ಬಣ್ಣ ತಿರುಗದಂತೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಮುರಿದರೆ ಟಕ್ಕಂತ ಸದ್ದು ಬರಬೇಕು. ಚೂರು ತೇವ ಉಳಿದರೂ ಪುಡಿ ಮುದ್ದೆಯಾಗುತ್ತದೆ, ಬೇಗ ಬೂಸು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ 100 ಗ್ರಾಂ ಸಕ್ಕರೆ, 10 ಏಲಕ್ಕಿಯ ಕಾಳು, ಬೆಚ್ಚಗಿನ ಬಾಣಲೆಯಲ್ಲಿ ಗರಿಗರಿ ಮಾಡಿದ ಎರಡು ಚಿಟಿಕೆ ಕೇಸರಿ, ಒಂದು ಚಿಟಿಕೆ ಜಾಯಿಕಾಯಿ ಸೇರಿಸಿ. ಮಿಕ್ಸಿಯನ್ನು ಒಂದೇ ಸಮ ತಿರುಗಿಸಬೇಡಿ. ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲವಾದರೆ ಬಾದಾಮಿ ಎಣ್ಣೆ ಬಿಟ್ಟು ಅಂಟಂಟಾಗುತ್ತದೆ. ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೊಮ್ಮೆ ತಿರುಗಿಸಿ.

ಒಣ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದು ತಿಂಗಳು ಬರುತ್ತದೆ. ಒದ್ದೆ ಚಮಚ ಹಾಕಬೇಡಿ. ಒಂದು ಲೋಟ ಹಾಲಿಗೆ ಎರಡೂವರೆ ಚಮಚ ಪುಡಿ ಹಾಕಿ, ಹಾಲಿನ ಜೊತೆಯಲ್ಲೇ ಮೂರು ನಾಲ್ಕು ನಿಮಿಷ ಕುದಿಸಿ. ಲೋಟದಲ್ಲಿ ಸುಮ್ನೆ ಕದಡಿದರೆ ಬಾದಾಮಿ ಬೇಯುವುದಿಲ್ಲ, ತಳದಲ್ಲಿ ಕೂರುತ್ತದೆ. ದುಬೈಗೋ ಸೌದಿಗೋ ಹೋಗುವ ಮಕ್ಕಳಿಗೆ ಪುಡಿ ಕಟ್ಟಿಕೊಡುವವರು ಅದಕ್ಕೆ ಗಸಗಸೆ ಸೇರಿಸಲೇಬೇಡಿ. ಆ ದೇಶಗಳಲ್ಲಿ ಗಸಗಸೆ ನಿಷೇಧ, ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ದೊಡ್ಡ ತೊಂದರೆ ಆಗುತ್ತದೆ.